ಗೋಪುರಕ್ಕಿಂತ ಆ ಫೋನ್ ದೊಡ್ಡದು

‘ಸಿವಿಲ್ಲಾ? ಯಾಕೆ, ಕಂಪ್ಯೂಟರ್ ಸೈನ್ಸ್ ಸಿಗಲಿಲ್ವಾ?’

ಬಿ.ಇ. ಸೇರಿದ ದಿನದಿಂದ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಊರಿನ ಬಸ್ಸಿನಲ್ಲಿ, ಕೊನೆಗೆ ಸಲೂನಿನ ಕುರ್ಚಿಯ ಮೇಲೂ ಕೇಳಿಸಿಕೊಂಡಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಮೂರನೇ ಸೆಮಿಸ್ಟರ್ ಹೊತ್ತಿಗೆ ನನಗೂ ಅವರು ಹೇಳುವುದೇ ಸರಿ ಅನ್ನಿಸತೊಡಗಿತ್ತು. ಸೀನಿಯರ್‌ಗಳಲ್ಲಿ ಒಳ್ಳೆಯ ಅಂಕ ಪಡೆದವರೆಲ್ಲ ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನಕ್ಕೆ ಕೂತರು. ನಾನೂ ಸಂಜೆಯ ಕೋಡಿಂಗ್ ಕ್ಲಾಸಿಗೆ ಹೆಸರು ಕೊಟ್ಟೆ. ಕಾಂಕ್ರೀಟು, ಚರಂಡಿ, ಮಣ್ಣಿನ ಪರೀಕ್ಷೆ ಇವೆಲ್ಲ ಪಾಸಾಗುವಷ್ಟು ಓದಿದರೆ ಸಾಕು ಎಂಬ ತೀರ್ಮಾನಕ್ಕೆ ಬಂದಿದ್ದೆ.

ಅಂಥ ಹೊತ್ತಿನಲ್ಲಿ, 2025ರ ಜನವರಿಯಲ್ಲಿ ಪರೀಕ್ಷೆ ಮುಗಿದ ಮೇಲೆ, ಹಾಸ್ಟೆಲ್ಲಿನ ಗೆಳೆಯನೊಬ್ಬ ಕೊಲಂಬೊಗೆ ಅಗ್ಗದ ವಿಮಾನ ಟಿಕೆಟ್ ಹುಡುಕಿದ. ಅವನು ಕಂಪ್ಯೂಟರ್ ಸೈನ್ಸ್. ಗೋವಾ ಪ್ರವಾಸಕ್ಕೆಂದು ಕೂಡಿಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಬೇರೆ ದೇಶವನ್ನೇ ನೋಡಬಹುದು ಎಂಬುದು ಅವನ ಲೆಕ್ಕ. ರಜೆಯಲ್ಲಿ ಕಂಟ್ರಾಕ್ಟರ್ ಒಬ್ಬರ ಬಳಿ ಸರ್ವೆ ಕೆಲಸಕ್ಕೆ ಹೋಗಿ ಉಳಿಸಿದ ಹಣ ನನ್ನಲ್ಲಿತ್ತು. ಬೆಂಗಳೂರಿನಿಂದ ಹಾರಿ ಒಂದೂವರೆ ಗಂಟೆಗೆಲ್ಲ ಕೊಲಂಬೊದ ಉತ್ತರಕ್ಕಿರುವ ಕಟುನಾಯಕ ವಿಮಾನ ನಿಲ್ದಾಣದಲ್ಲಿ ಇಳಿದೆವು. ಊರಿಗೆ ಹೋಗುವ ರಾತ್ರಿ ಬಸ್ಸು ಅಷ್ಟು ಹೊತ್ತಿಗೆ ಇನ್ನೂ ನೆಲಮಂಗಲ ದಾಟಿರುತ್ತದೆ, ಅಷ್ಟೆ.

ಆರು ದಿನದ ಆ ಪ್ರವಾಸ ನನ್ನ ತೀರ್ಮಾನವನ್ನು ಅಲುಗಾಡಿಸಿತು. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಿಂದಲೂ ಕಾಣುವ ಗೋಪುರ

ಕೊಲಂಬೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಲೋಟಸ್ ಟವರ್. ಸುಮಾರು 350 ಮೀಟರ್ ಎತ್ತರ, ತುದಿಯಲ್ಲಿ ತಾವರೆ ಮೊಗ್ಗು. 2012ರಲ್ಲಿ ಕೆಲಸ ಶುರುವಾಗಿ, ಜನರಿಗೆ ಬಾಗಿಲು ತೆರೆದದ್ದು 2022ರ ಸೆಪ್ಟೆಂಬರಿನಲ್ಲಿ. ಕಟ್ಟಲು ಚೀನಾದ ಎಕ್ಸಿಮ್ ಬ್ಯಾಂಕಿನ ಸಾಲ ಬಂದಿತ್ತು. ನಾವೂ ಎಲ್ಲರಂತೆ ಟಿಕೆಟ್ ಕೊಂಡು ಮೇಲೆ ಹೋದೆವು, ಫೋಟೊ ತೆಗೆದೆವು, ಸ್ಟೇಟಸ್ ಹಾಕಿದೆವು. ಮೇಲಿನಿಂದ ನೋಡಿದರೆ ಒಂದು ಕಡೆ ಬಂದರು, ಅದರ ಪಕ್ಕ ಸಮುದ್ರವನ್ನೇ ತುಂಬಿಸಿ ಮಾಡಿದ 269 ಹೆಕ್ಟೇರ್ ಹೊಸ ನೆಲ, ಪೋರ್ಟ್ ಸಿಟಿ. ಎಂಜಿನಿಯರಿಂಗ್ ವಿದ್ಯಾರ್ಥಿಯ ಎದೆ ಉಬ್ಬುವ ನೋಟವೇ ಅದು.

ಕೆಳಗೆ ಬಂದಾಗ ತ್ರೀವೀಲರ್ ಚಾಲಕರೊಬ್ಬರು ಸಿಕ್ಕಿದರು. ಆಟೊಗೆ ಅಲ್ಲಿ ತ್ರೀವೀಲರ್ ಎನ್ನುತ್ತಾರೆ. ನನ್ನನ್ನು ಮಾತುಮಾತಿಗೂ ‘ಮಲ್ಲಿ, ಮಲ್ಲಿ’ ಎಂದು ಕರೆಯುತ್ತಿದ್ದರು. ಗೆಳೆಯ ಬಿದ್ದು ಬಿದ್ದು ನಕ್ಕ. ಸಿಂಹಳದಲ್ಲಿ ಮಲ್ಲಿ ಎಂದರೆ ತಮ್ಮ ಎಂದು ಆಮೇಲೆ ಗೊತ್ತಾಯಿತು. ಗೋಪುರ ಚೆನ್ನಾಗಿದೆ ಎಂದು ನಾನು ಹೇಳಿದ್ದಕ್ಕೆ ಅವರು ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಹೇಳಬೇಕೆಂದರೆ ಹೀಗೆ: ‘2022ರಲ್ಲಿ ಪೆಟ್ರೋಲಿಗೆ ಎರಡು ರಾತ್ರಿ ಗಾಡಿಯಲ್ಲೇ ಮಲಗಿದ್ದೆ ಮಲ್ಲಿ. ನಾನು ನಿಂತ ಸಾಲಿನಿಂದಲೂ ಈ ಗೋಪುರ ಕಾಣ್ತಿತ್ತು. ಇದು ಎಲ್ಲಿಂದಲೂ ಕಾಣುತ್ತೆ. ಪೆಟ್ರೋಲು ಮಾತ್ರ ಎಲ್ಲೂ ಕಾಣ್ತಿರಲಿಲ್ಲ.’

ಗೋಪುರ ಕಟ್ಟಿದ್ದಕ್ಕೇ ಆ ದೇಶ ದಿವಾಳಿಯಾಯಿತು ಎಂದು ಸರಳವಾಗಿ ಹೇಳಿದರೆ ತಪ್ಪಾಗುತ್ತದೆ. 2019ರ ಈಸ್ಟರ್ ಬಾಂಬ್ ದಾಳಿ ಮತ್ತು ಕೋವಿಡ್‌ನಿಂದ ಪ್ರವಾಸೋದ್ಯಮ ನೆಲಕಚ್ಚಿತು. ಅದೇ 2019ರ ಕೊನೆಯಲ್ಲಿ ತೆರಿಗೆಗಳನ್ನು ಭಾರಿ ಇಳಿಸಿದ್ದರಿಂದ ಬೊಕ್ಕಸಕ್ಕೆ ಬರುವ ಹಣ ಕಡಿಮೆಯಾಯಿತು. 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ಏಕಾಏಕಿ ನಿಷೇಧಿಸಿದ್ದರಿಂದ ಬೆಳೆ ಕೈಕೊಟ್ಟಿತು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಎತ್ತಿದ ಸಾಲಪತ್ರಗಳ ಹೊರೆ ಬೇರೆ ಇತ್ತು. 2022ರ ಏಪ್ರಿಲಿನಲ್ಲಿ ವಿದೇಶಿ ಸಾಲ ತೀರಿಸಲಾಗದು ಎಂದು ಸರ್ಕಾರ ಕೈ ಚೆಲ್ಲಿತು. ಜುಲೈಯಲ್ಲಿ ಅಧ್ಯಕ್ಷರು ದೇಶ ಬಿಟ್ಟು ಹೋದರು. ಆದರೂ ಚಾಲಕರ ಮಾತಿನಲ್ಲಿ ಒಂದು ಪ್ರಶ್ನೆ ಇತ್ತು. ದೇಶವೊಂದು ಕಟ್ಟಬೇಕಾದದ್ದು ಕಾಣುವಂಥದ್ದನ್ನೋ, ಕಾಯುವಂಥದ್ದನ್ನೋ?

ಅದೇ ಸಂಜೆ ಗಾಲೆ ಫೇಸ್ ಗ್ರೀನ್‌ನಲ್ಲಿ ಕೂತಿದ್ದೆವು. ಕಡಲ ಪಕ್ಕದ ಉದ್ದನೆಯ ಬಯಲು. ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು, ಗಾಡಿಗಳಲ್ಲಿ ಇಸ್ಸೊ ವಡೆ, ಅಂದರೆ ಮೇಲೆ ಸಿಗಡಿ ಒತ್ತಿ ಕರಿದ ವಡೆ, ಮಾರುತ್ತಿದ್ದರು. 2022ರಲ್ಲಿ ಸಾವಿರಾರು ಯುವಕ ಯುವತಿಯರು ಡೇರೆ ಹಾಕಿ ತಿಂಗಳುಗಟ್ಟಲೆ ಪ್ರತಿಭಟನೆ ನಡೆಸಿದ್ದು ಇಲ್ಲೇ. ಅವರಲ್ಲಿ ಬಹಳ ಮಂದಿ ನಮ್ಮ ವಯಸ್ಸಿನವರು. ಎದುರಿಗೆ ಪೋರ್ಟ್ ಸಿಟಿಯ ಮರಳು, ಬೆನ್ನಿಗೆ ದೊಡ್ಡ ಹೋಟೆಲುಗಳು. ಮಧ್ಯದ ಬಯಲಿಗೆ ಮಾತ್ರ ಟಿಕೆಟ್ ಇಲ್ಲ. ಕೊಲಂಬೊದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ.

ರಾಜಧಾನಿಯ ಜೌಗು

ಪ್ರಶ್ನೆಪತ್ರಿಕೆಯಲ್ಲಿ ಶ್ರೀಲಂಕಾದ ರಾಜಧಾನಿ ಕೊಲಂಬೊ ಎಂದು ಬರೆದರೆ ಅಂಕ ಸಿಗುವುದು ಅನುಮಾನ. ವ್ಯಾಪಾರವೆಲ್ಲ ಕೊಲಂಬೊದಲ್ಲೇ ಇದ್ದರೂ ಅಧಿಕೃತ ರಾಜಧಾನಿ ಪಕ್ಕದ ಶ್ರೀ ಜಯವರ್ಧನಪುರ ಕೋಟೆ. ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗುವುದಿಲ್ಲ. ಅಲ್ಲಿ ದಿಯವನ್ನ ಎಂಬ ಕೆರೆಯ ನಡುವಿನ ದ್ವೀಪದಲ್ಲಿ ಸಂಸತ್ ಭವನವಿದೆ. ಜೆಫ್ರಿ ಬಾವಾ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಕಟ್ಟಡ, 1982ರಲ್ಲಿ ಉದ್ಘಾಟನೆಯಾಯಿತು. ಗುಮ್ಮಟ ಇಲ್ಲ, ಆಕಾಶ ಮುಟ್ಟುವ ಹಟ ಇಲ್ಲ. ಊರಿನ ದೊಡ್ಡ ಮನೆಗಳಂತೆ ಇಳಿಜಾರಿನ ಮಾಡು. ಜೌಗು ನೆಲವನ್ನು ಹೂಳೆತ್ತಿ ಕೆರೆ ಮಾಡಿ, ನಡುವೆ ಅದನ್ನು ಕೂರಿಸಿದ್ದಾರೆ.

ಆದರೆ 2010ರ ನವೆಂಬರ್ ಮಳೆಗೆ ಆ ಸಂಸತ್ತಿನ ಆವರಣವೇ ಮುಳುಗಿತ್ತು. ಸುತ್ತಲಿನ ಜೌಗು ಪ್ರದೇಶಕ್ಕೆ ಮಣ್ಣು ಸುರಿದು ಸೈಟು ಮಾಡಿದರೆ ಮಳೆನೀರು ಎಲ್ಲಿಗೆ ಹೋಗಬೇಕು? ಅಲ್ಲಿಂದೀಚೆಗೆ ಉಳಿದ ಜೌಗನ್ನು ಉಳಿಸುವ ಕೆಲಸ ಗಂಭೀರವಾಗಿ ನಡೆಯಿತು. ಕಾಲುವೆಗಳನ್ನು ಅಗಲ ಮಾಡಿದರು, ಬೆದ್ದಗಾನದಂಥ ಜೌಗು ಉದ್ಯಾನ ಮಾಡಿದರು. 2018ರಲ್ಲಿ ರಾಮ್ಸಾರ್ ಒಪ್ಪಂದದಡಿ ಜಗತ್ತಿನಲ್ಲೇ ಮೊದಲ ಬಾರಿಗೆ ‘ಜೌಗು ನಗರ’ ಎಂಬ ಮಾನ್ಯತೆ ಪಡೆದ 18 ನಗರಗಳಲ್ಲಿ ಕೊಲಂಬೊ ಒಂದು.

ಬೆದ್ದಗಾನದಲ್ಲಿ ಮರದ ಕಾಲುಹಾದಿಯ ಮೇಲೆ ಎರಡು ತಾಸು ಅಲೆದೆವು. ನೀರುಕಾಗೆ, ಕೊಕ್ಕರೆ, ಒಂದು ದೊಡ್ಡ ಉಡ. ಗೆಳೆಯನಿಗೆ ಬೇಜಾರು: ‘ಇಲ್ಲಿ ನೋಡೋಕೆ ಏನಿದೆ? ಬರೀ ಕೆಸರು.’ ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಹೊಳೆಯಿತು, ಈ ಕೆಸರು ಮಳೆಗಾಲದಲ್ಲಿ ಒಂದು ನಗರದ ನೀರನ್ನು ಹಿಡಿದು ನಿಲ್ಲಿಸಿಕೊಳ್ಳುವ ಪಾತ್ರೆ. ಕಟ್ಟಿಸಲು ಹೋದರೆ ಎಷ್ಟು ಕೋಟಿ ಬೇಕೋ, ಉಳಿಸಿಕೊಂಡರೆ ಬಿಟ್ಟಿ. ಬೆಂಗಳೂರಿನ ಕೆರೆಯಂಗಳಗಳ ಮೇಲೆ ಎದ್ದ ಬಡಾವಣೆಗಳಲ್ಲಿ ಮಳೆ ಬಂದಾಗ ದೋಣಿ ಇಳಿಸುವುದನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡೂವರೆ ಗಂಟೆ

ಮೂರನೇ ದಿನ ಕೊಲಂಬೊ ಫೋರ್ಟ್ ನಿಲ್ದಾಣದಿಂದ ಗಾಲೆ ಕಡೆಗೆ ರೈಲು ಹತ್ತಿದೆವು. ಮೂರನೇ ದರ್ಜೆ, ಕಾಯ್ದಿರಿಸದ ಸೀಟು. ನೀವು ಎಂದಾದರೂ ಆ ಕಡೆ ಹೋದರೆ ಇದೊಂದನ್ನು ಬಿಡಬೇಡಿ. ಹಳಿ ಕಡಲಿಗೆ ಎಷ್ಟು ಹತ್ತಿರವೆಂದರೆ ದೊಡ್ಡ ಅಲೆ ಬಂದಾಗ ಬಾಗಿಲಲ್ಲಿ ನಿಂತವರ ಮುಖಕ್ಕೆ ಹನಿ ಸಿಡಿಯುತ್ತದೆ. ಬಂಬಲಪಿಟಿಯ, ವೆಲ್ಲವತ್ತ, ದೆಹಿವಲ, ಮೌಂಟ್ ಲವಿನಿಯ ಎಂದು ಒಂದೊಂದೇ ಊರು ಹಿಂದೆ ಸರಿಯುತ್ತವೆ. ಆಮೇಲೆ ತೆಂಗು, ದೋಣಿ, ಬಲೆ. ಕುಂದಾಪುರದ ಕಡೆಯ ಕಡಲಕರೆಯ ಹಳ್ಳಿಯವನಾದ ನನಗೆ ಮನೆಗೇ ಹೋಗುತ್ತಿದ್ದೇನೆ ಅನ್ನಿಸಿತು. ಮಾರುವವನ ಬುಟ್ಟಿಯಲ್ಲಿದ್ದ ಕಡಲೆ ವಡೆಯ ವಾಸನೆಯೂ ನಮ್ಮದೇ.

ಗಾಲೆಗೆ ಹೋಗುವ ಮೊದಲು ಹಿಕ್ಕಡುವದಲ್ಲಿ ಇಳಿದು, ತ್ರೀವೀಲರಿನಲ್ಲಿ ಸ್ವಲ್ಪ ಹಿಂದಕ್ಕೆ ಬಂದರೆ ಪೆರಲಿಯ ಎಂಬ ಹಳ್ಳಿ. ರಸ್ತೆ ಪಕ್ಕ ಒಂದು ಸ್ಮಾರಕ. ಇನ್ನೊಂದು ಕಡೆ ಎತ್ತರಕ್ಕೆ ನಿಂತ ಬುದ್ಧ, ಜಪಾನಿಯರ ಕೊಡುಗೆ. ಪುಟ್ಟ ಫೋಟೊ ಸಂಗ್ರಹಾಲಯವೂ ಇದೆ.

2004ರ ಡಿಸೆಂಬರ್ 26, ಭಾನುವಾರ, ಹುಣ್ಣಿಮೆ. ನಾನಾಗ ಇನ್ನೂ ಹುಟ್ಟಿರಲಿಲ್ಲ. ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ ಕೊಲಂಬೊ ಫೋರ್ಟ್‌ನಿಂದ ಮಾತರದ ಕಡೆಗೆ ರೈಲೊಂದು ಹೊರಟಿತು. ರಜೆಯ ದಿನ, ಬೋಗಿ ತುಂಬ ಜನ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದೂರದ ಸುಮಾತ್ರಾ ಬಳಿ ಸಮುದ್ರದ ತಳ ಕಂಪಿಸಿತು. ಆ ಅಲೆ ಪೆರಲಿಯ ತಲುಪಿದ್ದು ಸುಮಾರು ಒಂಬತ್ತೂವರೆಗೆ. ಅಂದರೆ ಎರಡೂವರೆ ಗಂಟೆ ಸಮಯವಿತ್ತು. ಅಲೆ ದ್ವೀಪದ ಪೂರ್ವ ತೀರಕ್ಕೆ ಆಗಲೇ ಬಡಿದು, ಜನ ಸತ್ತು, ಸುದ್ದಿ ಹರಿದಾಡತೊಡಗಿತ್ತು. ಕೊಲಂಬೊದ ಮರದಾನದಲ್ಲಿರುವ ರೈಲ್ವೆ ನಿಯಂತ್ರಣ ಕೊಠಡಿಯವರು ಕರಾವಳಿಯ ಬೇರೆ ರೈಲುಗಳನ್ನು ನಿಲ್ಲಿಸಿದರು. ಈ ರೈಲನ್ನು ತಡೆಯಲು ಅಂಬಲಂಗೊಡ ನಿಲ್ದಾಣಕ್ಕೆ ಫೋನ್ ಮಾಡಿದರು. ಅಲ್ಲಿನ ಸಿಬ್ಬಂದಿಯೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಅದೇ ರೈಲಿನ ಕೆಲಸದಲ್ಲಿದ್ದರು. ಫೋನ್ ಎತ್ತುವ ಹೊತ್ತಿಗೆ ರೈಲು ಹೊರಟಾಗಿತ್ತು.

ಪೆರಲಿಯದಲ್ಲಿ ಮೊದಲ ಅಲೆಗೆ ರೈಲು ನಿಂತಿತು. ಊರಿನವರು ಇದೇ ಭದ್ರ ಎಂದುಕೊಂಡು ಮಕ್ಕಳನ್ನು ಬೋಗಿಯೊಳಗೆ ಹತ್ತಿಸಿದರು, ಕೆಲವರು ಮೇಲೆ ಹತ್ತಿದರು. ಎರಡನೇ ಅಲೆ ರೈಲನ್ನೇ ಎತ್ತಿ ಎಸೆಯಿತು. ಸತ್ತವರು ಸಾವಿರಕ್ಕೂ ಹೆಚ್ಚು, 1,700 ಇರಬಹುದೆಂಬ ಅಂದಾಜೂ ಇದೆ. ಜಗತ್ತಿನ ಅತಿ ದೊಡ್ಡ ರೈಲು ದುರಂತ ಎಂದೇ ಅದನ್ನು ಗುರುತಿಸುತ್ತಾರೆ.

ಸಂಗ್ರಹಾಲಯದಲ್ಲಿದ್ದ ಅಕ್ಕ ಒಂದು ಫೋಟೊ ತೋರಿಸಿದರು. ಹಳಿ ಹಗ್ಗದಂತೆ ತಿರುಚಿಕೊಂಡಿತ್ತು. ‘ನೀರು ಮೊದಲು ಹಿಂದೆ ಹೋಯಿತು. ಮಕ್ಕಳು ಮೀನು ಹೆಕ್ಕಲು ಓಡಿದರು. ಅದರ ಅರ್ಥ ಏನೆಂದು ನಮಗೆ ಯಾರೂ ಹೇಳಿರಲಿಲ್ಲ’ ಎಂದರು. ಅಷ್ಟೇ ಹೇಳಿ ಕಿತ್ತಳೆ ಬಣ್ಣದ ಎಳನೀರು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಹೊರಗೆ ಬಂದು ಹಳಿಯ ಪಕ್ಕ ಕೂತೆ. ನನಗೆ ನೆನಪಾದದ್ದು ನನ್ನದೇ ಫೋನು. ಹಿಂದಿನ ವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪ ನಾಲ್ಕು ಸಲ ಕರೆ ಮಾಡಿದ್ದರು. ಇಂಟರ್ನಲ್ಸ್ ಮುಗಿದ ಖುಷಿಗೆ ಹಾಸ್ಟೆಲ್ಲಿನಲ್ಲಿ ಸಿನಿಮಾ ನೋಡುತ್ತಿದ್ದೆವು, ಫೋನು ಸೈಲೆಂಟಿನಲ್ಲಿತ್ತು. ಬೆಳಿಗ್ಗೆ ನೋಡಿದರೆ, ಕಡಲು ಅಂಗಳಕ್ಕೆ ಬಂದು ನಾಲ್ಕು ತೆಂಗಿನ ಮರ ಮತ್ತು ಬಚ್ಚಲುಮನೆಯನ್ನು ಎಳೆದುಕೊಂಡು ಹೋಗಿತ್ತು. ಅಜ್ಜಿಯನ್ನು ನೆರೆಯವರು ಎತ್ತಿಕೊಂಡು ಹೊರಗೆ ತಂದಿದ್ದರು. ನಾನು ಫೋನ್ ಎತ್ತಿದ್ದರೂ ಮಾಡುವಂಥದ್ದೇನೂ ಇರಲಿಲ್ಲ, ನಿಜ. ಆದರೆ ಮರುದಿನ ಅಪ್ಪ ಕೇಳಿದ ಒಂದೇ ಮಾತು ಇನ್ನೂ ಕಿವಿಯಲ್ಲಿದೆ: ‘ನೀ ಸಿವಿಲ್ ಓದುದ್ ಅಲ್ದಾ ಮಗಾ, ಇದಕ್ಕೆ ಎಂತಾರೂ ಮಾಡುಕ್ ಆತಿಲ್ಯಾ?’

ಸುಣ್ಣವಾದ ಹವಳ

ಪೆರಲಿಯದಿಂದ ಹಿಕ್ಕಡುವಕ್ಕೆ ಕೆಲವೇ ಕಿಲೊಮೀಟರ್. ಆದರೆ ಅಂದಿನ ಅಲೆ ಎರಡೂ ಕಡೆ ಒಂದೇ ರೀತಿ ಬರಲಿಲ್ಲ. ಆಮೇಲೆ ಅಲ್ಲಿಗೆ ಬಂದು ಅಳತೆ ಮಾಡಿದ ವಿಜ್ಞಾನಿಗಳ ಪ್ರಕಾರ, ಹವಳದ ದಿಬ್ಬ ಉಳಿದಿದ್ದ ಹಿಕ್ಕಡುವದಲ್ಲಿ ನೀರು ಒಳಗೆ ಬಂದದ್ದು ಸುಮಾರು 50 ಮೀಟರ್. ಹವಳವನ್ನು ಅಕ್ರಮವಾಗಿ ಕಿತ್ತಿದ್ದ ಪೆರಲಿಯದಲ್ಲಿ ಸುಮಾರು ಒಂದೂವರೆ ಕಿಲೊಮೀಟರ್.

ಹವಳವನ್ನು ಯಾಕೆ ಕಿತ್ತರು? ಅದರ ಒಂದು ದೊಡ್ಡ ಉಪಯೋಗ ಸುಣ್ಣ. ಹವಳವನ್ನು ಗೂಡಿನಲ್ಲಿ ಸುಟ್ಟರೆ ಕಟ್ಟಡ ಕೆಲಸಕ್ಕೆ ಸುಣ್ಣವಾಗುತ್ತದೆ. ಅಂದರೆ ಊರಿನ ಗೋಡೆಯನ್ನು ಕೆಡವಿ ಮನೆಯ ಗೋಡೆ ಕಟ್ಟಿದ ಹಾಗೆ. ಇದನ್ನು ಓದಿದಾಗ ನನಗೆ ನಮ್ಮ ಬಿಲ್ಡಿಂಗ್ ಮೆಟೀರಿಯಲ್ಸ್ ಪಾಠ ನೆನಪಾಯಿತು. ಸಾಮಗ್ರಿಯ ಬಲ, ಬೆಲೆ, ಗುಣಮಟ್ಟ ಎಲ್ಲ ಕಲಿಯುತ್ತೇವೆ. ಅದನ್ನು ಎಲ್ಲಿಂದ ತಂದರು, ತಂದ ಜಾಗ ಏನಾಯಿತು ಎಂಬ ಪ್ರಶ್ನೆಗೆ ಹತ್ತು ಅಂಕವಿರಲಿ, ಎರಡು ಅಂಕವೂ ಇಲ್ಲ. ನಮ್ಮ ಹೊಳೆಗಳ ಮರಳಿನ ಕತೆಯೂ ಬೇರೆಯಲ್ಲ. ಹೊಳೆಯಿಂದ ಮರಳು ತೆಗೆದರೆ ಕಡಲಕರೆಗೆ ಬಂದು ಸೇರುವ ಮರಳು ಕಡಿಮೆಯಾಗುತ್ತದೆ. ಕರೆ ಕೊರೆಯುತ್ತದೆ. ಆಮೇಲೆ ಲಾರಿಯಲ್ಲಿ ಬಂಡೆ ತಂದು ಸುರಿಯುತ್ತೇವೆ. ಬಂಡೆ ಸುರಿದ ಜಾಗ ಉಳಿದರೂ ಅದರ ತುದಿಯಾಚೆ, ಪಕ್ಕದವರ ಅಂಗಳದಲ್ಲಿ ಕೊರೆತ ಜೋರಾಗುತ್ತದೆ. ಅಪ್ಪನ ಪ್ರಶ್ನೆಗೆ ‘ಬಂಡೆ ಹಾಕಿಸಿ’ ಎನ್ನುವುದು ಉತ್ತರವಲ್ಲ ಎಂದು ನನಗೆ ಅರ್ಥವಾದದ್ದು ಪಠ್ಯಪುಸ್ತಕದಿಂದಲ್ಲ, ಹಿಕ್ಕಡುವದಿಂದ.

ಹಾಗೆಂದು ಕಡಲಿನಿಂದ ಎಲ್ಲರನ್ನೂ ದೂರ ಕಳಿಸಿದರೆ ಮುಗಿಯಿತು ಎನ್ನುವುದೂ ಸುಲಭದ ಮಾತು. ಸುನಾಮಿಯ ನಂತರ ಶ್ರೀಲಂಕಾ ಸರ್ಕಾರ ದಕ್ಷಿಣ, ಪಶ್ಚಿಮ ತೀರದಲ್ಲಿ 100 ಮೀಟರ್, ಉತ್ತರ, ಪೂರ್ವದಲ್ಲಿ 200 ಮೀಟರ್ ಒಳಗೆ ಮನೆ ಕಟ್ಟುವಂತಿಲ್ಲ ಎಂದಿತು. ದೋಣಿ ಇರುವಲ್ಲಿ ಮೀನುಗಾರ ಇರಬೇಡವೇ? ವಿರೋಧ ಬಂದು ನಿಯಮವನ್ನು ಸಡಿಲಿಸಬೇಕಾಯಿತು. ನಮ್ಮ ಅಜ್ಜಿಯೂ ಮನೆ ಬಿಡಲು ಒಪ್ಪುವುದಿಲ್ಲ. ‘ಕಡಲ್ ಬಿಟ್ ಎಲ್ಲಿಗ್ ಹೋಪುದ್?’ ಎನ್ನುತ್ತಾರೆ. ಆಕೆಯ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ನಕ್ಷೆಯೂ ನಮ್ಮೂರಿನಲ್ಲಿ ನಡೆಯುವುದಿಲ್ಲ.

ಗಾಳಿಯಂತ್ರ ಮತ್ತು ಚರಂಡಿ

ಗಾಲೆಯ ಕೋಟೆಯನ್ನು ಪೋರ್ಚುಗೀಸರು 16ನೇ ಶತಮಾನದಲ್ಲಿ ಶುರು ಮಾಡಿದರು. 1640ರಲ್ಲಿ ವಶಪಡಿಸಿಕೊಂಡ ಡಚ್ಚರು ಅದನ್ನು ದೊಡ್ಡದಾಗಿ ಕಟ್ಟಿದರು. 1988ರಿಂದ ಅದು ವಿಶ್ವ ಪರಂಪರೆಯ ತಾಣ. ದಾಲ್ಚಿನ್ನಿ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಳ್ಳಲು ಬಂದವರು ಕಟ್ಟಿದ ಗೋಡೆ ಅದು, ಊರಿನವರ ಮೇಲಿನ ಪ್ರೀತಿಗಲ್ಲ. ಆದರೂ 2004ರಲ್ಲಿ ಹೊರಗಿನ ಬಸ್ ನಿಲ್ದಾಣ, ಕ್ರಿಕೆಟ್ ಮೈದಾನ ಎಲ್ಲ ನುಚ್ಚುನೂರಾದಾಗ ಗೋಡೆಯೊಳಗಿನ ಹಳೆಯ ಊರು ಬಹುಮಟ್ಟಿಗೆ ಉಳಿಯಿತು.

ಎಲ್ಲರೂ ಗೋಡೆಯ ಮೇಲೆ, ದೀಪಸ್ತಂಭದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಹುಚ್ಚು ಹಿಡಿಸಿದ್ದು ಅದರ ಅಡಿಯ ಚರಂಡಿ. 17ನೇ ಶತಮಾನದಲ್ಲೇ ಇಟ್ಟಿಗೆಯಿಂದ ಕಟ್ಟಿದ ಒಳಚರಂಡಿ ಜಾಲ. ಭರತದ ಹೊತ್ತಿಗೆ ಕಡಲ ನೀರನ್ನು ಅದಕ್ಕೆ ನುಗ್ಗಿಸಿ ಕೊಳೆ ತೊಳೆಯುತ್ತಿದ್ದರು. ಅದಕ್ಕೆ ನೀರೆತ್ತಲು ಟ್ರೈಟನ್ ಎಂಬ ಕೊತ್ತಲದ ಮೇಲೆ ಗಾಳಿಯಂತ್ರವಿತ್ತು. ಗಾಳಿ, ಭರತ, ಇಳಿಜಾರು ಈ ಮೂರನ್ನೇ ನಂಬಿ ಒಂದು ಊರನ್ನು ಸ್ವಚ್ಛ ಇಟ್ಟಿದ್ದರು. ಗೆಳೆಯನಿಗೆ ಅದನ್ನು ಅರ್ಧ ಗಂಟೆ ವಿವರಿಸಿದೆ. ‘ಚರಂಡಿ ಬಗ್ಗೆ ಇಷ್ಟು ಖುಷಿಯಿಂದ ಮಾತಾಡೋನು ಕೋಡಿಂಗ್ ಕ್ಲಾಸಿಗೆ ಯಾಕೆ ಬರ್ತೀಯೋ?’ ಎಂದ. ಉತ್ತರ ಹೊಳೆಯಲಿಲ್ಲ.

ಬಿಳಿ ಕಾಳು

ವಾಪಸು ಬರುವ ಮುನ್ನಾದಿನ ನೆಗೊಂಬೊದಲ್ಲಿದ್ದೆವು. ವಿಮಾನ ನಿಲ್ದಾಣಕ್ಕೆ ಹತ್ತಿರದ ಮೀನುಗಾರರ ಊರು. ಚಾಪೆ ಹಾಸಿ ಮೀನು ಒಣಗಿಸುತ್ತಿದ್ದರು. 2021ರ ಮೇಯಲ್ಲಿ ಎಕ್ಸ್‌ಪ್ರೆಸ್ ಪರ್ಲ್ ಎಂಬ ಹಡಗು ಕೊಲಂಬೊ ಸಮೀಪ ಬೆಂಕಿ ಹೊತ್ತಿ, ಆಮೇಲೆ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ ಕಾಳುಗಳು ಸುಮಾರು 1,680 ಟನ್. ಈ ತೀರದಲ್ಲೆಲ್ಲ ಅವು ಹಿಮದಂತೆ ಬಿದ್ದಿದ್ದವು, ಮೀನುಗಾರಿಕೆ ನಿಂತಿತ್ತು. ಹಡಗಿನಲ್ಲಿ ನೈಟ್ರಿಕ್ ಆಸಿಡ್ ಸೋರುತ್ತಿದ್ದುದು ಕೊಲಂಬೊಗೆ ಬರುವ ಮೊದಲೇ ಗೊತ್ತಾಗಿತ್ತು. ಸೋರುವ ಕಂಟೇನರನ್ನು ಇಳಿಸಿಕೊಳ್ಳಿ ಎಂದು ಕೇಳಿದಾಗ ಕತಾರಿನ ಹಮದ್, ನಮ್ಮ ಗುಜರಾತಿನ ಹಜಿರಾ ಬಂದರುಗಳಲ್ಲಿ ಆಗಲಿಲ್ಲ. ಇಲ್ಲೂ ಅಷ್ಟೆ, ಸುದ್ದಿ ಇತ್ತು, ಸಮಯವಿತ್ತು.

ನಾವು ಮರಳಿ ಬಂದು ನಾಲ್ಕು ತಿಂಗಳಿಗೆ, ಮೇ ಕೊನೆಯಲ್ಲಿ, ಕೊಚ್ಚಿಯ ಸಮೀಪ ಎಂಎಸ್‌ಸಿ ಎಲ್ಸಾ–3 ಮುಳುಗಿತು. ಕೇರಳದ ದಂಡೆಗೆ ಅದೇ ಬಿಳಿ ಕಾಳು ಬಂದು ಬಿತ್ತು. ಜುಲೈಯಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ಎಕ್ಸ್‌ಪ್ರೆಸ್ ಪರ್ಲ್ ಪ್ರಕರಣದಲ್ಲಿ 100 ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಕಡಲಿಗೆ ಗಡಿಯಿಲ್ಲ ಎಂದು ಭಾಷಣದಲ್ಲಿ ಕೇಳಿದ್ದೆ. ಈಗ ಅದು ಭಾಷಣ ಅನ್ನಿಸುವುದಿಲ್ಲ.

ಫೋನ್ ಎತ್ತುವವರು

ಅಂಬಲಂಗೊಡದ ಸಿಬ್ಬಂದಿಯನ್ನು ನಾನು ದೂರುವುದಿಲ್ಲ. ಅವರು ಹರಟೆ ಹೊಡೆಯುತ್ತಿರಲಿಲ್ಲ, ಪ್ರಯಾಣಿಕರ ಕೆಲಸದಲ್ಲಿದ್ದರು. ತಪ್ಪು ವ್ಯವಸ್ಥೆಯದು. ಹಿಂದೂ ಮಹಾಸಾಗರಕ್ಕೆ ಅಂದು ಸುನಾಮಿ ಮುನ್ನೆಚ್ಚರಿಕೆ ಜಾಲವೇ ಇರಲಿಲ್ಲ. ದುರಂತದ ಬಳಿಕ 2005ರಲ್ಲಿ ಶ್ರೀಲಂಕಾ ವಿಪತ್ತು ನಿರ್ವಹಣಾ ಕಾಯ್ದೆ ತಂದಿತು. 2007ರಲ್ಲಿ ನಮ್ಮ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ಈಗ ಭೂಕಂಪವಾದ ಕೆಲವೇ ನಿಮಿಷಗಳಲ್ಲಿ ಅಲ್ಲಿಂದ ಮಾಹಿತಿ ಹೊರಡುತ್ತದೆ. ಆದರೆ ಕೊನೆಯ ಒಂದು ಕಿಲೊಮೀಟರನ್ನು ದಾಟಿಸುವವರು ಯಾರು?

2023ರ ಅಕ್ಟೋಬರಿನಲ್ಲಿ ನಮ್ಮೆಲ್ಲರ ಮೊಬೈಲುಗಳು ಒಟ್ಟಿಗೆ ಅರಚಿಕೊಂಡದ್ದು ನೆನಪಿದೆಯೇ? ತುರ್ತು ಸಂದೇಶದ ಪರೀಕ್ಷೆ ಅದು. ನಾವು ಮೊದಲ ಸೆಮಿಸ್ಟರಿನ ತರಗತಿಯಲ್ಲಿದ್ದೆವು. ಎಲ್ಲರೂ ಗೊಳ್ಳೆಂದು ನಕ್ಕು, ಓದದೆಯೇ ಬೆರಳಾಡಿಸಿ ಅಳಿಸಿದೆವು. ಆ ಸಂದೇಶ ನಿಜವಾಗಿದ್ದರೆ ಏನು ಮಾಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೀರು ಹಿಂದೆ ಸರಿದಾಗ ಮೀನು ಹೆಕ್ಕಲು ಓಡಿದ ಮಕ್ಕಳಿಗೂ ನಮಗೂ ಏನು ವ್ಯತ್ಯಾಸ? ಅವರಿಗೆ ಯಾರೂ ಹೇಳಿರಲಿಲ್ಲ. ನಮಗೆ ಹೇಳಿದರೂ ಕೇಳಿಸಿಕೊಳ್ಳಲಿಲ್ಲ.

ಎಲ್ಲರೂ ಸಿವಿಲ್ ಓದಿ ಎಂದು ನಾನು ಹೇಳುತ್ತಿಲ್ಲ. ಮನೆಯ ಸಾಲ ತಲೆ ಮೇಲಿರುವವನಿಗೆ ಒಳ್ಳೆಯ ಸಂಬಳದ ಕೆಲಸ ಬೇಡ ಎನ್ನಲು ನಾನ್ಯಾರು? ನನ್ನದೂ ಶೈಕ್ಷಣಿಕ ಸಾಲವಿದೆ, ಕೋಡಿಂಗ್ ಕ್ಲಾಸನ್ನೂ ಬಿಟ್ಟಿಲ್ಲ. ನನ್ನ ವಾದ ಇಷ್ಟೇ: ನಾವು ಓದುವ ವಿದ್ಯೆಯಲ್ಲಿ ಕಣ್ಣಿಗೆ ಕಾಣುವ ಭಾಗಕ್ಕೆ ಮಾತ್ರ ಚಪ್ಪಾಳೆ ಇದೆ. ಸೇತುವೆ ಉದ್ಘಾಟನೆಗೆ ಮಂತ್ರಿ ಬರುತ್ತಾರೆ, ಅದರ ಅಡಿಯ ಹೂಳು ತೆಗೆಯುವ ದಿನ ಯಾರೂ ಬರುವುದಿಲ್ಲ. ಆ್ಯಪ್ ಬಿಡುಗಡೆಗೆ ಕೇಕ್ ಕತ್ತರಿಸುತ್ತಾರೆ, ರಾತ್ರಿ ಎರಡು ಗಂಟೆಗೆ ಸರ್ವರ್ ಕಾಯುವವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ನರ್ಸ್ ಆಗಲಿ, ಲೈನ್‌ಮನ್ ಆಗಲಿ, ಪಂಚಾಯಿತಿ ಕಾರ್ಯದರ್ಶಿಯಾಗಲಿ, ಊರು ಉಳಿಯುವುದು ಇಂಥವರಿಂದ. ಉದ್ಯೋಗ ಹುಡುಕುವಾಗ ಸಂಬಳದ ಜತೆಗೆ ‘ಇಲ್ಲಿ ನಾನು ಯಾರ ಫೋನ್ ಎತ್ತುತ್ತೇನೆ?’ ಎಂದೂ ಒಮ್ಮೆ ಕೇಳಿಕೊಳ್ಳೋಣ. ಕಾಲೇಜುಗಳೂ ಅಷ್ಟೆ. ಕೈಗಾರಿಕಾ ಭೇಟಿ ಎಂದು ಮಾಲ್ ಇರುವ ಊರಿಗೆ ಬಸ್ ಮಾಡುವ ಬದಲು ಒಂದು ಜೌಗು, ಒಂದು ಕಡಲ್ಕೊರೆತದ ದಂಡೆ, ಒಂದು ನಿಯಂತ್ರಣ ಕೊಠಡಿ ತೋರಿಸಲಿ. ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.

ಈಗ ಐದನೇ ಸೆಮಿಸ್ಟರ್. ಮಿನಿ ಪ್ರಾಜೆಕ್ಟಿಗೆ ನಾನು ನಮ್ಮೂರಿನ ಕಡಲ ದಂಡೆಯನ್ನೇ ಆರಿಸಿಕೊಂಡೆ. ತಿಂಗಳಿಗೊಮ್ಮೆ ಹೋಗಿ ದಂಡೆ ಎಷ್ಟು ಸರಿದಿದೆ ಎಂದು ಅಳೆಯುತ್ತೇನೆ. ಗೆಳೆಯ ಮೊದಲು ಎಚ್ಚರಿಕೆಯ ಆ್ಯಪ್ ಮಾಡೋಣ ಎಂದ. ದಸರಾ ರಜೆಯಲ್ಲಿ ಬಂದು ಮನೆ ಮನೆ ಸುತ್ತಿದ ಮೇಲೆ ಸುಮ್ಮನಾದ. ಕಡಲಿಗೆ ಹತ್ತಿರವಿರುವ 43 ಮನೆಗಳಲ್ಲಿ ಒಂಬತ್ತು ಮನೆಯಲ್ಲಿ ಹಗಲು ಹೊತ್ತು ಇರುವುದು ಸ್ಮಾರ್ಟ್‌ಫೋನ್ ಇಲ್ಲದ ಮುದುಕರು. ಆದ್ದರಿಂದ ನಾವು ಮಾಡಿದ್ದು ಆ್ಯಪ್ ಅಲ್ಲ, ಒಂದು ಹಾಳೆ. ಯಾವ ಮನೆಯಲ್ಲಿ ಯಾರಿಗೆ ನಡೆಯಲಾಗದು, ಅವರನ್ನು ಎತ್ತಿಕೊಂಡು ಬರುವವರು ಯಾರು, ಅವರು ಇಲ್ಲದಿದ್ದರೆ ಮತ್ಯಾರು, ಎಲ್ಲರ ಫೋನ್ ನಂಬರು. ಅಂಗನವಾಡಿ ಗೋಡೆಗೆ, ಮೀನುಗಾರರ ಶೆಡ್ಡಿಗೆ ಒಂದೊಂದು ಪ್ರತಿ ಅಂಟಿಸಿದ್ದೇವೆ.

ಅಪ್ಪನ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ. ದಂಡೆ ಇನ್ನೂ ಕೊರೆಯುತ್ತಲೇ ಇದೆ. ಆದರೆ ಆ ಹಾಳೆಯ ಏಳನೇ ಸಾಲಿನಲ್ಲಿ ಅಜ್ಜಿಯ ಹೆಸರಿದೆ, ಅದರ ಮುಂದೆ ಪಕ್ಕದ ಮನೆಯ ಇಬ್ಬರ ನಂಬರು. ಮೂರನೆಯದು ನನ್ನದು. ಈಗ ರಾತ್ರಿ ನನ್ನ ಫೋನ್ ಸೈಲೆಂಟಿನಲ್ಲಿರುವುದಿಲ್ಲ.